ಬೆರಳ ತುದಿಯ ಬಿಡಿಗಾಸು

ಮೊಬೈಲಿನಲ್ಲಿ ದೊರೆಯುವ ಸಣ್ಣ ಗಳಿಕೆ: ಅದರ ನಿಜವೆಷ್ಟು, ಮಾಯೆಯೆಷ್ಟು?

ಹುಬ್ಬಳ್ಳಿಯಿಂದ ಹೊರಟ ಚಿಗರಿ ಬಸ್ಸು ಉಣಕಲ್ ಕೆರೆಯನ್ನು ಹಿಂದೆ ಹಾಕಿ ಧಾರವಾಡದತ್ತ ಓಡುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ನಡುವಯಸ್ಸಿನ ಗೃಹಿಣಿಯೊಬ್ಬರು ಹೊರಗಿನ ಕೆರೆಯನ್ನು ನೋಡಲಿಲ್ಲ, ಒಳಗಿನ ಜನರನ್ನೂ ನೋಡಲಿಲ್ಲ. ಅವರ ದೃಷ್ಟಿಯೆಲ್ಲ ಕೈಯೊಳಗಿನ ಮೊಬೈಲಿನ ಮೇಲೆ ನೆಟ್ಟಿತ್ತು. ಹೆಬ್ಬೆರಳು ಆ ಗಾಜಿನ ಮೇಲೆ ಅತ್ತಿಂದಿತ್ತ ತಿಕ್ಕುತ್ತಿತ್ತು.

"ಏನ ನೋಡಾಕತ್ತೀರಿ ಅಕ್ಕಾರ?" ಎಂದರು ಪಕ್ಕದಲ್ಲಿದ್ದ ಕಿರಿಯ ಹೆಣ್ಣುಮಗಳು.

"ಏನಿಲ್ಲವ್ವಾ, ನಿನ್ನೆ ಹೆಸ್ಕಾಂ ಬಿಲ್ ಕಟ್ಟಿದ್ದಕ್ಕ ಒಂದ ಚೀಟಿ ಬಂದೈತಿ. ತಿಕ್ಕಿದರ ಏನರೆ ಬರತದೇನೋ ಅಂತ ನೋಡಾಕತ್ತೀನಿ."

"ಬಂತೇನ್ರಿ?"

"ಬಂತ ನೋಡು, ಮೂರು ರೂಪಾಯಿ! ಒಂದ ಕಟ್ಟ ಕೊತ್ತಂಬರಿಗೂ ಸಾಲೂದಿಲ್ಲ."

ಇಬ್ಬರೂ ನಕ್ಕರು. ಆದರೆ ಹಿರಿಯರು ಮೊಬೈಲನ್ನು ಕೈಚೀಲದಲ್ಲಿ ಇಡಲಿಲ್ಲ. ನವನಗರ ಬರುವಷ್ಟರಲ್ಲಿ ಮತ್ತೊಂದು ಆ್ಯಪನ್ನು ತೆರೆದು, ಯಾವುದೋ ಸಾಬೂನಿನ ಬಗೆಗಿನ ಪ್ರಶ್ನೆಗಳಿಗೆ ಉತ್ತರ ಒತ್ತತೊಡಗಿದ್ದರು.

ಇಂದು ಈ ಅವಳಿ ನಗರದ ಯಾವ ಬಸ್ಸಿನಲ್ಲಾದರೂ, ಯಾವ ಮನೆಯ ಪಡಸಾಲೆಯಲ್ಲಾದರೂ ಕಾಣಬಹುದಾದ ದೃಶ್ಯವಿದು. ತಿಂಗಳ ಕೊನೆಯ ವಾರದಲ್ಲಿ ಸಂಬಳದ ಹಣ ತಳ ಕಂಡಾಗ, ಕೈಯಲ್ಲಿರುವ ಯಂತ್ರವೇ ನಾಲ್ಕು ಕಾಸು ಗಳಿಸಿ ಕೊಡುವುದಾದರೆ ಬೇಡವೆನ್ನುವವರಾರು? ವಿದ್ಯಾನಗರದ ಗೃಹಿಣಿ, ಮಾಳಮಡ್ಡಿಯ ನಿವೃತ್ತ ಗುಮಾಸ್ತ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲೆಂದು ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದಿರುವ ಹಳ್ಳಿಯ ತರುಣ, ಎಲ್ಲರೂ ಈ ಆಸೆಗೆ ಒಳಗಾದವರೇ. ಆಸೆ ತಪ್ಪಲ್ಲ. ಆದರೆ ಆ ಮೂರು ರೂಪಾಯಿಯ ಹಿಂದೆ ಯಾರಿದ್ದಾರೆ, ಅವರು ಅದನ್ನು ಏಕೆ ಕೊಟ್ಟರು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ವಿರಳ.

ಮನೆಯಲ್ಲಿ ಕುಳಿತು ಗಳಿಸುವುದು ಈ ಊರುಗಳಿಗೆ ಹೊಸತೇನಲ್ಲ. ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುವುದು, ಶೇಂಗಾ ಚಟ್ನಿ ಕುಟ್ಟುವುದು, ಹಪ್ಪಳ ಸಂಡಿಗೆ ಮಾಡುವುದು, ಇಲಕಲ್ಲ ಸೀರೆಯ ಮೇಲೆ ಕಸೂತಿ ಹಾಕುವುದು, ಓಣಿಯ ಮಕ್ಕಳಿಗೆ ಮನೆಪಾಠ ಹೇಳುವುದು, ಇವುಗಳಿಂದ ಎಷ್ಟೋ ಸಂಸಾರಗಳು ದಡ ಸೇರಿವೆ. ಅಲ್ಲೆಲ್ಲ ಕೊಡುವವರ ಮುಖ ಕಾಣುತ್ತದೆ. ಖಾನಾವಳಿಯವನಿಗೆ ರೊಟ್ಟಿ ಬೇಕು, ಆದುದರಿಂದ ಹಣ ಕೊಡುತ್ತಾನೆ. ಮೊಬೈಲಿನಲ್ಲಿಯಾದರೋ ಹಣ ಬಂದುದು ಕಾಣುತ್ತದೆ. ಮಾರಿದ್ದೇನು ಎಂಬುದು ಕಾಣುವುದಿಲ್ಲ.

ಹಳೆಯ ಚೀಟಿ, ಹೊಸ ವೇಷ

ಗಿರಾಕಿಗೆ ಕೊಸರು ಕೊಟ್ಟು ಒಲಿಸಿಕೊಳ್ಳುವ ವಿದ್ಯೆ ಬಹಳ ಹಳೆಯದು. ನಮ್ಮ ಸಂತೆಯಲ್ಲಿ ಕಾಯಿಪಲ್ಲೆ ಕೊಂಡವರಿಗೆ ಎರಡು ಎಸಳು ಕರಿಬೇವನ್ನು ಸುಮ್ಮನೆ ಹಾಕುವ ವ್ಯಾಪಾರಿಯೂ ಈ ವಿದ್ಯೆಯನ್ನು ಬಲ್ಲ. ಇದನ್ನೇ ದೊಡ್ಡ ಉದ್ಯಮವನ್ನಾಗಿ ಬೆಳೆಸಿದವರು ಅಮೆರಿಕದವರು. 1896ರಲ್ಲಿ ಅಲ್ಲಿ ಆರಂಭವಾದ ಸ್ಪೆರಿ ಅಂಡ್ ಹಚಿನ್ಸನ್ ಸಂಸ್ಥೆಯು 'ಹಸಿರು ಚೀಟಿ'ಗಳನ್ನು ಮುದ್ರಿಸಿ ಅಂಗಡಿಕಾರರಿಗೆ ಮಾರುತ್ತಿತ್ತು. ಅಂಗಡಿಕಾರರು ಸಾಮಾನು ಕೊಂಡವರಿಗೆ ಆ ಚೀಟಿಗಳನ್ನು ಹಂಚುತ್ತಿದ್ದರು. ಗೃಹಿಣಿಯರು ಅವನ್ನು ಪುಸ್ತಕಕ್ಕೆ ಅಂಟಿಸಿ, ಪುಸ್ತಕ ತುಂಬಿದಾಗ ಅದನ್ನೊಪ್ಪಿಸಿ ಪಾತ್ರೆಯನ್ನೋ ದೀಪವನ್ನೋ ಮನೆಗೆ ತರುತ್ತಿದ್ದರು. ಪಾತ್ರೆ ಪುಕ್ಕಟೆಯೆಂದು ಅವರು ತಿಳಿದಿದ್ದರು. ಚೀಟಿಯ ಬೆಲೆ ಸಾಮಾನಿನ ಬೆಲೆಯಲ್ಲಿಯೇ ಸೇರಿಹೋಗಿರುತ್ತಿತ್ತು ಎಂಬುದನ್ನು ಯೋಚಿಸಿದವರು ಕೆಲವರೇ.

ನಮ್ಮಲ್ಲಿ ಈ ಚೀಟಿ ಮೊಬೈಲಿನ ವೇಷ ತೊಟ್ಟು ಬಂದುದು ನೋಟು ರದ್ದತಿಯ ಕಾಲದಲ್ಲಿ. 2016ರ ಡಿಸೆಂಬರ್ 25ರಂದು ಕೇಂದ್ರ ಸರಕಾರವು 'ಲಕ್ಕಿ ಗ್ರಾಹಕ್ ಯೋಜನೆ'ಯನ್ನು ಆರಂಭಿಸಿ, ನಗದಿಲ್ಲದೆ ವ್ಯವಹರಿಸಿದವರಲ್ಲಿ ದಿನಕ್ಕೆ 15,000 ಮಂದಿಗೆ ತಲಾ 1,000 ರೂಪಾಯಿಯಂತೆ ನೂರು ದಿನ ಬಹುಮಾನ ಹಂಚಿತು. ಕೊನೆಯ ಒಂದು ಕೋಟಿಯ ಬಹುಮಾನ, ಮೊಬೈಲಿನ ಕಂತಿಗೆ 1,590 ರೂಪಾಯಿಗಳನ್ನು ಕಾರ್ಡಿನಿಂದ ಕಟ್ಟಿದ್ದ ಲಾತೂರಿನ ವಿದ್ಯಾರ್ಥಿನಿಗೆ ಸಂದಿತು. 2017ರ ಸೆಪ್ಟೆಂಬರಿನಲ್ಲಿ ಗೂಗಲ್ ಸಂಸ್ಥೆ 'ತೇಜ್' ಎಂಬ ಆ್ಯಪನ್ನು ಹೊರತಂದಿತು. ಮರುವರ್ಷ ಅದಕ್ಕೆ 'ಗೂಗಲ್ ಪೇ' ಎಂಬ ಹೆಸರಾಯಿತು. ಹಣ ಕಳುಹಿಸಿದವರಿಗೆ ತಿಕ್ಕಿ ನೋಡುವ ಚೀಟಿ ದೊರೆಯುವ ಪರಿಪಾಠ ಮನೆಮಾತಾದದ್ದು ಇದರಿಂದಲೇ.

2019ರ ದೀಪಾವಳಿಯನ್ನು ಮರೆತವರುಂಟೇ? ದೀಪ, ಝುಮಕಿ, ಹೂವು, ಆಕಾಶಬುಟ್ಟಿ, ರಂಗೋಲಿ, ಈ ಐದು ಮುದ್ರೆಗಳನ್ನು ಕೂಡಿಸಿದವರಿಗೆ 251 ರೂಪಾಯಿ ಎಂದು ಗೂಗಲ್ ಪೇ ಸಾರಿತು. ಮೊದಲ ಕೆಲವು ಮುದ್ರೆಗಳು ಸುಲಭವಾಗಿ ಕೈಸೇರಿದವು. ರಂಗೋಲಿ ಮಾತ್ರ ಯಾರಿಗೂ ಸಿಗಲೊಲ್ಲದು! ಅದಕ್ಕಾಗಿ ಜನ ಬಿಲ್ಲು ಕಟ್ಟಿದರು, ಬೇಡದಿದ್ದರೂ ಒಬ್ಬರಿಗೊಬ್ಬರು ಹಣ ಕಳುಹಿಸಿದರು, ಬಂಧುಬಳಗವನ್ನೆಲ್ಲ ಆ್ಯಪಿಗೆ ಕರೆತಂದರು. ದಿನವೂ ಬೆಳಗ್ಗೆ ಅಂಗಳದಲ್ಲಿ ತಾನೇ ರಂಗೋಲಿ ಹಾಕುವ ಗೃಹಿಣಿ, ಆ ಒಂದು ಗಾಜಿನ ರಂಗೋಲಿಗಾಗಿ ಓಣಿಯೆಲ್ಲ ವಿಚಾರಿಸಿದಳು. ಆ ಎರಡು ಮೂರು ವಾರಗಳಲ್ಲಿ ಬಹುಮಾನ ಪಡೆದವರು ಸ್ವಲ್ಪ. ಹೊಸ ಅಭ್ಯಾಸವನ್ನು ಪಡೆದವರು ಅಪಾರ. ಸಂಸ್ಥೆಗೆ ಬೇಕಾಗಿದ್ದುದೂ ಅದೇ.

ಕೊಡುವವರು ಯಾರು?

ಮೊಬೈಲಿನ ಪ್ರಾಮಾಣಿಕ ಗಳಿಕೆಗಳನ್ನು ಸ್ಥೂಲವಾಗಿ ಮೂರು ಬಗೆಯೆಂದು ಹೇಳಬಹುದು.

ಮೊದಲನೆಯದು ಕೊಳ್ಳುವಿಕೆಯ ಮೇಲಿನ ಮರುಪಾವತಿ, ಎಲ್ಲರೂ ಕರೆಯುವಂತೆ 'ಕ್ಯಾಶ್‌ಬ್ಯಾಕ್'. 2013ರಲ್ಲಿ ಆರಂಭವಾದ 'ಕ್ಯಾಶ್‌ಕರೋ'ದಂಥ ತಾಣಗಳ ಕೆಲಸ ಹೀಗೆ: ಅವುಗಳ ಮೂಲಕ ಅಂತರಜಾಲದ ಅಂಗಡಿಗೆ ಹೋಗಿ ಸಾಮಾನು ಕೊಂಡರೆ, ಗಿರಾಕಿಯನ್ನು ಕರೆತಂದುದಕ್ಕೆ ಅಂಗಡಿಯು ತಾಣಕ್ಕೆ ದಲಾಲಿ ಕೊಡುತ್ತದೆ. ಆ ದಲಾಲಿಯಲ್ಲಿ ಒಂದು ಪಾಲು ಗಿರಾಕಿಗೆ ಬರುತ್ತದೆ. ಅದು ಕೂಡಲೇ ಬರುವುದಿಲ್ಲ. ಸಾಮಾನು ಮರಳಿಸುವ ಅವಧಿ ಕಳೆದ ಮೇಲೆಯೇ ದಲಾಲಿ ಖಚಿತವಾಗುವುದರಿಂದ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಬೇಕಾಗಿಯೇ ಇದ್ದ ಕುಕ್ಕರನ್ನು ಹೀಗೆ ಕೊಂಡು ಐವತ್ತು ರೂಪಾಯಿ ಉಳಿಸಿದರೆ ಅದು ಜಾಣತನ. ಐವತ್ತು ರೂಪಾಯಿ ಮರಳಿ ಬರುವುದೆಂದು ಐದುನೂರರ ಬೇಡದ ಸೀರೆ ಕೊಂಡರೆ ಅದು ನಾಲ್ಕುನೂರ ಐವತ್ತರ ಹಾನಿ.

ಎರಡನೆಯದು ಅಂಕಗಳು. ಕ್ರೆಡಿಟ್ ಕಾರ್ಡಿನ ಮೇಲೆ ಖರ್ಚು ಮಾಡಿದಷ್ಟೂ 'ಪಾಯಿಂಟು'ಗಳು ಕೂಡುತ್ತವೆ. ಅವನ್ನು ಅವಧಿ ಮುಗಿಯುವುದರೊಳಗೆ ಬಳಸಬೇಕು. ಕಾರ್ಡಿನ ಬಾಕಿಯನ್ನು ಪ್ರತಿ ತಿಂಗಳು ಪೂರ್ತಿಯಾಗಿ ತೀರಿಸುವ ಶಿಸ್ತಿನವರಿಗೆ ಇದರಿಂದ ತುಸು ಲಾಭವುಂಟು. ಒಂದು ತಿಂಗಳು ತಪ್ಪಿದರೂ ಬಾಕಿಯ ಮೇಲೆ ಬೀಳುವ ಬಡ್ಡಿ, ವರ್ಷವಿಡೀ ಕೂಡಿಸಿದ ಅಂಕಗಳನ್ನು ಒಂದೇ ತುತ್ತಿಗೆ ನುಂಗಿಬಿಡುತ್ತದೆ.

ಮೂರನೆಯದು ಅಭಿಪ್ರಾಯದ ಮಾರಾಟ. ಕಂಪನಿಗಳಿಗೆ ತಮ್ಮ ಸಾಬೂನು, ಚಹಾ, ಬಿಸ್ಕತ್ತುಗಳ ಬಗೆಗೆ ಜನರ ಮನಸ್ಸು ತಿಳಿಯಬೇಕಾಗಿರುತ್ತದೆ. ಗೂಗಲ್ ಸಂಸ್ಥೆ 2013ರಲ್ಲಿ ಆರಂಭಿಸಿದ 'ಒಪಿನಿಯನ್ ರಿವಾರ್ಡ್ಸ್' ಈ ಬಗೆಯದು. ನಾಲ್ಕಾರು ಪ್ರಶ್ನೆಗಳಿಗೆ ಉತ್ತರಿಸಿದರೆ ಕೆಲವು ರೂಪಾಯಿಗಳು ಜಮೆಯಾಗುತ್ತವೆ. ಆದರೆ ಆ ಹಣ ಆಂಡ್ರಾಯ್ಡ್ ಮೊಬೈಲಿನವರಿಗೆ ಗೂಗಲ್ಲಿನದೇ ಅಂಗಡಿಯಲ್ಲಿ ಆ್ಯಪನ್ನೋ ಪುಸ್ತಕವನ್ನೋ ಕೊಳ್ಳಲು ಮಾತ್ರ ಉಪಯೋಗ. ಕಿರಾಣಿ ಅಂಗಡಿಯಲ್ಲಿ ಅದು ನಡೆಯದು.

ಈ ಮೂರರಲ್ಲಿಯೂ ಕೊಡುವವನೊಬ್ಬನಿದ್ದಾನೆ. ಅವನಿಗೆ ಬೇಕಾದುದೊಂದಿದೆ: ಒಮ್ಮೆ ನಮ್ಮ ಕೊಳ್ಳುವಿಕೆ, ಒಮ್ಮೆ ನಮ್ಮ ಅಭ್ಯಾಸ, ಒಮ್ಮೆ ನಮ್ಮ ಮನಸ್ಸಿನ ಸುದ್ದಿ. ಮನೆಯಲ್ಲಿ ಎಷ್ಟು ಜನ, ವರಮಾನವೆಷ್ಟು, ಯಾವ ಕಾಯಿಲೆಯುಂಟು ಎಂದು ಆ್ಯಪು ಕೇಳಿದಾಗ ಅದು ಕುಶಲಪ್ರಶ್ನೆಯಲ್ಲ, ವ್ಯಾಪಾರದ ಪ್ರಶ್ನೆ. ಅಪರಿಚಿತನೊಬ್ಬ ಕಟ್ಟೆಯ ಮೇಲೆ ಕುಳಿತು ಕೇಳಿದರೆ ಹೇಳದ ಮಾತನ್ನು, ಮೂರು ರೂಪಾಯಿಗೆ ಮೊಬೈಲಿನ ಕಿವಿಯಲ್ಲಿ ಹೇಳಬೇಕೇ ಎಂದು ಪ್ರತಿಯೊಬ್ಬರೂ ಯೋಚಿಸಬೇಕು.

ಗಂಟೆಯ ಲೆಕ್ಕ

ಈಗ ಒಂದು ಲೆಕ್ಕ ಮಾಡಿ ನೋಡೋಣ. ದಿನಕ್ಕೆ ಅರ್ಧ ಗಂಟೆಯಂತೆ ಒಬ್ಬ ಗೃಹಿಣಿ ಈ ಪ್ರಶ್ನೋತ್ತರಗಳಲ್ಲಿ ತೊಡಗಿದರೆ ತಿಂಗಳಿಗೆ ಹದಿನೈದು ಗಂಟೆಯಾಯಿತು. ತಿಂಗಳ ಕೊನೆಗೆ ಎಲ್ಲ ಸೇರಿ 150 ರೂಪಾಯಿ ಕೈಗೆ ಬಂದಿತೆನ್ನೋಣ. ಗಂಟೆಗೆ ಹತ್ತು ರೂಪಾಯಿ! ಬಸ್ಸಿನಲ್ಲಿ ಸುಮ್ಮನೆ ಕಳೆದುಹೋಗುವ ಅರ್ಧ ಗಂಟೆಗೆ ಐದು ರೂಪಾಯಿ ಬಂದರೆ ಅದು ಲಾಭವೇ. ಆದರೆ ರೊಟ್ಟಿ ಬಡಿಯುವ ಕೈ, ಕಸೂತಿ ಹಾಕುವ ಕಣ್ಣು, ಮಗುವಿಗೆ ಲೆಕ್ಕ ಹೇಳಿಕೊಡಬೇಕಾದ ಸಂಜೆ, ಇವುಗಳನ್ನು ಬಿಟ್ಟು ಗಳಿಸಿದ ಹತ್ತು ರೂಪಾಯಿ ಅಗ್ಗದ ಮಾರಾಟ. ಸಪ್ತಾಪುರದ ಕೋಣೆಯಲ್ಲಿ ಓದುತ್ತಿರುವ ತರುಣನಿಗಂತೂ ಪರೀಕ್ಷೆಯ ಮುಂದಿನ ಒಂದು ಗಂಟೆಯ ಬೆಲೆ ಹತ್ತು ರೂಪಾಯಿಗಳಲ್ಲಿ ಅಳೆಯುವಂಥದಲ್ಲ.

ಬಿಡಿಗಾಸು ಬಿಡಿವೇಳೆಯ ಬೆಲೆ. ಅದು ಮನೆಯ ಸಮಯವನ್ನೇ ಬೇಡತೊಡಗಿದಾಗ ಎಚ್ಚರವಾಗಬೇಕು.

ಕನ್ನಡದ ಮಾತಿಗೆ ಕೂಲಿ

ಹಾಗಾದರೆ ಮೊಬೈಲಿನಿಂದ ಗೌರವದ ಕೂಲಿ ದೊರೆಯುವುದೇ ಇಲ್ಲವೇ? ದೊರೆತ ಉದಾಹರಣೆ ಕನ್ನಡ ನಾಡಿನಲ್ಲಿಯೇ ಇದೆ. ಯಂತ್ರಗಳಿಗೆ ಮನುಷ್ಯರ ಭಾಷೆಯನ್ನು ಕಲಿಸುವ ಉದ್ಯಮ ಇತ್ತೀಚಿನ ವರ್ಷಗಳಲ್ಲಿ ಬೆಳೆದಿದೆ. ಇಂಗ್ಲಿಷಿನಂಥ ಭಾಷೆಗಳಲ್ಲಿ ಬರಹವೂ ಧ್ವನಿಯೂ ಯಂತ್ರಕ್ಕೆ ಹೇರಳವಾಗಿ ಸಿಗುತ್ತವೆ. ಕನ್ನಡದಂಥ ಭಾಷೆಗಳಲ್ಲಿ ಅದನ್ನು ಜನರ ಬಾಯಿಂದಲೇ ಸಂಗ್ರಹಿಸಬೇಕು. ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆ ಈ ಕೆಲಸವನ್ನು ಹಳ್ಳಿಗಳ ಜನರಿಗೆ, ಅದರಲ್ಲಿಯೂ ಹೆಂಗಸರಿಗೆ ಹಂಚುತ್ತ ಬಂದಿದೆ. ಮೈಕ್ರೋಸಾಫ್ಟಿನ ಸಂಶೋಧನಾ ಕೇಂದ್ರದಲ್ಲಿ ಮೊಳೆತ ಈ ಪ್ರಯತ್ನ 2021ರಲ್ಲಿ ಲಾಭದ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆಯಾಯಿತು.

2023ರಲ್ಲಿ ಕರ್ನಾಟಕದ ಕೆಲವು ಹಳ್ಳಿಗಳ ಜನರು ಈ ಸಂಸ್ಥೆಯ ಆ್ಯಪಿನಲ್ಲಿ ಕನ್ನಡ ವಾಕ್ಯಗಳನ್ನು ಗಟ್ಟಿಯಾಗಿ ಓದಿ ಧ್ವನಿ ಮುದ್ರಿಸಿದರು. ಕ್ಷಯರೋಗದ ಬಗೆಗೆ ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲಿಯೇ ಉತ್ತರಿಸಬಲ್ಲ ಯಂತ್ರವನ್ನು ಸಿದ್ಧಪಡಿಸುವುದು ಅದರ ಉದ್ದೇಶವಾಗಿತ್ತು. ಸಂಸ್ಥೆ ಗೊತ್ತುಪಡಿಸಿದ ಕನಿಷ್ಠ ಕೂಲಿ ಗಂಟೆಗೆ ಐದು ಡಾಲರ್, ಎಂದರೆ ಆಗಿನ ದರದಲ್ಲಿ ಸುಮಾರು 400 ರೂಪಾಯಿ. ಅದೇ ಧ್ವನಿಸಂಗ್ರಹವನ್ನು ಮುಂದೆ ಮತ್ತೊಬ್ಬರಿಗೆ ಮಾರಿದರೆ ಓದಿದವರಿಗೂ ಪಾಲು ಸಲ್ಲಬೇಕೆಂಬುದು ಅದರ ನಿಯಮ.

ಗಂಟೆಗೆ ಹತ್ತು ರೂಪಾಯಿಗೂ ನಾನೂರಕ್ಕೂ ಇಷ್ಟೊಂದು ಅಂತರವೇಕೆ? ಇಲ್ಲಿ ಮಾರಿದ ವಸ್ತು ಯಾವುದೆಂಬುದು ಸ್ಪಷ್ಟವಾಗಿತ್ತು. ಅದು ತಾಯ ಮೊಲೆಹಾಲಿನೊಡನೆ ಬಂದ ನುಡಿ. ಕೊಳ್ಳುವವನ ಅಗತ್ಯವೂ ಸ್ಪಷ್ಟವಾಗಿತ್ತು. ಹಾಗೆಂದು ಇದು ಕಾಯಂ ಉದ್ಯೋಗವಲ್ಲ. ಕೆಲಸ ಬಂದಾಗ ಉಂಟು, ಮುಗಿದಾಗ ಇಲ್ಲ. ಆದರೂ ಅಚ್ಚ ಕನ್ನಡ ಮಾತಾಡಬಲ್ಲ ನಾಲಗೆಗೂ ಬೆಲೆಯುಂಟೆಂದು ಅದು ತೋರಿಸಿಕೊಟ್ಟಿದೆ.

"ಮೊದಲು ನೀವು ಕೊಡಿ"

ಇಷ್ಟರವರೆಗೆ ಹೇಳಿದುದೆಲ್ಲ ಕೊಡುವವರ ಕತೆ. ಕಸಿದುಕೊಳ್ಳುವವರ ಕತೆ ಬೇರೆಯೇ ಇದೆ.

2011ರಲ್ಲಿ ದೇಶವೆಲ್ಲ ಕೇಳಿದ ಹೆಸರು 'ಸ್ಪೀಕ್ ಏಷಿಯಾ'. ಸಿಂಗಪುರದ ವಿಳಾಸವಿದ್ದ ಈ ಸಂಸ್ಥೆಗೆ 11,000 ರೂಪಾಯಿ ಚಂದಾ ಕೊಟ್ಟು ಸೇರಿದವರು ವಾರಕ್ಕೆ ಎರಡು ಸಮೀಕ್ಷೆಗಳನ್ನು ತುಂಬಬೇಕು. ವಾರಕ್ಕೆ 1,000 ರೂಪಾಯಿ ಸಂಪಾದಿಸಬೇಕು. ಎಂದರೆ ವರ್ಷಕ್ಕೆ 52,000! ಹೊಸಬರನ್ನು ಸೇರಿಸಿದರೆ ಇನ್ನೂ ಹೆಚ್ಚು. ಹತ್ತೊಂಬತ್ತು ಇಪ್ಪತ್ತು ಲಕ್ಷ ಜನ ಸೇರಿದರೆಂದು ಹೇಳಲಾಯಿತು. ಅದೇ ವರ್ಷ ಬ್ಯಾಂಕುಗಳ ವ್ಯವಹಾರ ನಿಂತು, ಪೊಲೀಸು ತನಿಖೆ ಆರಂಭವಾಗಿ, ಹಣ ಬರುವುದು ಬಂದಾಯಿತು.

ಆರು ವರ್ಷಗಳ ತರುವಾಯ ಅದೇ ನಾಟಕ ಬೇರೆ ವೇಷದಲ್ಲಿ ನಡೆಯಿತು. ನೋಯ್ಡಾದ 'ಅಬ್ಲೇಜ್' ಎಂಬ ಕಂಪನಿ, ಅಂತರಜಾಲದಲ್ಲಿ 'ಲೈಕ್' ಒತ್ತಿದರೆ ಒಂದಕ್ಕೆ ಐದು ರೂಪಾಯಿ ಎಂದಿತು. ಆದರೆ ಮೊದಲು 5,750 ರಿಂದ 57,500 ರೂಪಾಯಿಗಳವರೆಗೆ ಕಟ್ಟಿ ಸದಸ್ಯರಾಗಬೇಕಿತ್ತು. 2017ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ಪೊಲೀಸರು ಅದರ ಮೇಲೆ ಕೈಯಿಟ್ಟಾಗ, ಆರು ಲಕ್ಷಕ್ಕೂ ಹೆಚ್ಚು ಜನರಿಂದ ಸುಮಾರು 3,700 ಕೋಟಿ ರೂಪಾಯಿ ಸಂಗ್ರಹವಾಗಿತ್ತೆಂದು ಆರೋಪಿಸಿದರು. ಒಂದು ಬೆರಳೊತ್ತಿಗೆ ಐದು ರೂಪಾಯಿ ಕೊಡುವಂಥ ವ್ಯಾಪಾರ ಲೋಕದಲ್ಲಿ ಯಾವುದಿದೆ? ಹಳಬರಿಗೆ ಕೊಟ್ಟದ್ದು ಹೊಸಬರು ಕಟ್ಟಿದ ಹಣವನ್ನೇ ಎಂಬುದು ತನಿಖೆಗಾರರ ವಾದ. ಹೊಸಬರ ಸರತಿ ನಿಂತ ದಿನ ಇಂಥ ಅಂಗಡಿಯ ಬಾಗಿಲು ಮುಚ್ಚಲೇಬೇಕು.

ಈಗಿನ ಮೋಸಗಾರರಿಗೆ ಕಂಪನಿಯ ಹೆಸರೂ ಬೇಕಾಗಿಲ್ಲ. ವಾಟ್ಸಾಪಿನಲ್ಲಿಯೋ ಟೆಲಿಗ್ರಾಮಿನಲ್ಲಿಯೋ ಸವಿಯಾದ ಸಂದೇಶವೊಂದು ಬರುತ್ತದೆ: "ಮನೆಯಲ್ಲಿಯೇ ಕುಳಿತು ಕೆಲಸ, ವಿಡಿಯೊ ಒಂದಕ್ಕೆ ಐವತ್ತು ರೂಪಾಯಿ." ಮೂರು ವಿಡಿಯೊಗಳಿಗೆ 'ಲೈಕ್' ಒತ್ತಿದರೆ ನೂರೈವತ್ತು ರೂಪಾಯಿ ನಿಜವಾಗಿಯೇ ಖಾತೆಗೆ ಬೀಳುತ್ತದೆ. ಗಾಳದ ತುದಿಯ ಎರೆಹುಳುವೂ ನಿಜವಾದ ಹುಳುವೇ ಅಲ್ಲವೇ? ಮರುದಿನ "ಸಾವಿರ ಕಟ್ಟಿ, ಸಾವಿರದ ಮುನ್ನೂರು ಪಡೆಯಿರಿ" ಎಂಬ ಕರೆ. ಅದೂ ಬರುತ್ತದೆ. ಆಮೇಲೆ ಐದು ಸಾವಿರ, ಇಪ್ಪತ್ತು ಸಾವಿರ, ಐವತ್ತು ಸಾವಿರ. ತೆರೆಯ ಮೇಲೆ ಲಾಭದ ಅಂಕೆ ಏರುತ್ತಲೇ ಹೋಗುತ್ತದೆ. ತೆಗೆಯಲು ಹೋದರೆ "ಮೊದಲು ತೆರಿಗೆ ಕಟ್ಟಿ" ಎನ್ನುತ್ತಾರೆ. ಕಟ್ಟಿದ ಮೇಲೆ ಉತ್ತರ ಕೊಡುವವರೇ ಇರುವುದಿಲ್ಲ. ಮಗಳ ಮದುವೆಗೆಂದು ಕೂಡಿಟ್ಟ ಹಣ, ನಿವೃತ್ತಿಯ ಗಂಟು, ಒಂದು ವಾರದಲ್ಲಿ ಹೀಗೆ ಕರಗಿದ ವಾರ್ತೆಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ. ಹಣಕ್ಕಿಂತ ಹೆಚ್ಚಾಗಿ ಸುಡುವುದು ನಾಚಿಕೆ. ಮನೆಯವರಿಗೆ ಹೇಳಲಾರದೆ ಒಳಗೊಳಗೇ ಬೇಯುವವರು, ಹೋದ ಹಣವನ್ನು ಮರಳಿ ತರಲೆಂದು ಸಾಲ ಮಾಡಿ ಮತ್ತೆ ಕಟ್ಟುವವರು ಎಷ್ಟೋ ಮಂದಿ.

ವಿದ್ಯಾರ್ಥಿಗಳಿಗೆ ಇದಕ್ಕಿಂತ ಸೂಕ್ಷ್ಮವಾದ ಬಲೆಯೊಂದಿದೆ. "ನಿನ್ನ ಬ್ಯಾಂಕ್ ಖಾತೆಯನ್ನು ಕೆಲವು ದಿನ ನಮಗೆ ಬಿಟ್ಟುಕೊಡು, ಬಂದ ಹಣದಲ್ಲಿ ನಿನಗಿಷ್ಟು ಪಾಲು" ಎಂದು ಹೇಳುವ ಗೆಳೆಯರು ಕಾಣಿಸಿಕೊಳ್ಳುತ್ತಾರೆ. ಆ ಖಾತೆಗೆ ಬರುವುದು ಮೋಸ ಹೋದವರ ಹಣ. ಪೊಲೀಸರು ಹುಡುಕುತ್ತ ಬಂದಾಗ ಮೊದಲು ಸಿಕ್ಕುವ ಹೆಸರು ಖಾತೆಯ ಒಡೆಯನದು. ಸರಕಾರಿ ನೌಕರಿಯ ಕನಸು ಹೊತ್ತು ಧಾರವಾಡಕ್ಕೆ ಬಂದವನ ಹೆಸರು ಠಾಣೆಯ ಕಡತದಲ್ಲಿ ಸೇರಿದರೆ, ಆ ಎರಡು ಸಾವಿರದ ಪಾಲಿಗೆ ಅವನು ತೆತ್ತ ಬೆಲೆ ಎಷ್ಟಾಯಿತು!

ಈ ಎಲ್ಲ ಬಲೆಗಳಿಂದ ಪಾರಾಗಲು ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ಗಳಿಸಲೆಂದು ಬಂದವರಿಂದ ಮೊದಲು ಹಣ ಕೇಳುವುದು ಉದ್ಯೋಗವಲ್ಲ. ರೊಟ್ಟಿ ಬಡಿಯುವವಳಿಂದ ಯಾವ ಖಾನಾವಳಿಯವನೂ ಠೇವಣಿ ಕೇಳಿದ್ದಿಲ್ಲ. ಹಾಗೆಯೇ ಹಣ ಪಡೆಯಲು ಗುಪ್ತ ಸಂಖ್ಯೆಯನ್ನು ಒತ್ತಬೇಕಾಗಿಲ್ಲ. ಅದನ್ನು ಒತ್ತುವುದು ಹಣ ಕೊಡುವಾಗ. ಒಂದು ವೇಳೆ ಎಡವಿದರೆ ನಾಚಿಕೆ ಬಿಟ್ಟು ಆ ಕ್ಷಣವೇ 1930 ಸಂಖ್ಯೆಗೆ ದೂರವಾಣಿ ಮಾಡಬೇಕು. ಇದು ದೇಶಕ್ಕೆಲ್ಲ ಒಂದೇ ಆದ ಸಹಾಯವಾಣಿ. ಹಣ ಖಾತೆಯಿಂದ ಖಾತೆಗೆ ಹಾರಿಹೋಗುವ ಮೊದಲೇ ತಿಳಿಸಿದರೆ ಅದನ್ನು ತಡೆಹಿಡಿಯುವ ಸಾಧ್ಯತೆಯುಂಟು. ಸೈಬರ್ ಅಪರಾಧಗಳ ದೂರು ಕೊಡಲು ಅವಳಿ ನಗರದ ಪೊಲೀಸ್ ಕಮಿಶನರೇಟಿನಲ್ಲಿ ಠಾಣೆಯೂ ಇದೆ.

ಹನಿಗೂಡಿದರೆ ಹಳ್ಳ

ಹಾಗಾದರೆ ಬಸ್ಸಿನಲ್ಲಿ ಬಂದ ಆ ಮೂರು ರೂಪಾಯಿಯನ್ನು ಏನು ಮಾಡಬೇಕು? ಇದಕ್ಕೆ ಉತ್ತರವನ್ನು ಕನ್ನಡ ನಾಡು ಬಹಳ ಹಿಂದೆಯೇ ಕಂಡುಕೊಂಡಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ 'ಪಿಗ್ಮಿ' ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವರ ಮನೆಬಾಗಿಲಿಗೇ ಬ್ಯಾಂಕಿನ ಮನುಷ್ಯ ಹೋಗಿ ಅದನ್ನು ಸಂಗ್ರಹಿಸುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ 'ಪಿಗ್ಮಿ' ಎಂಬ ಮಾತು ನಮ್ಮ ಪೇಟೆಗಳಲ್ಲಿ ಉಳಿದಿದೆ. ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರು ತಮ್ಮ ಅಲ್ಪಸ್ವಲ್ಪ ಹಣವನ್ನು ಒಟ್ಟುಗೂಡಿಸಿ ಸಹಕಾರ ಸಂಘವನ್ನು ಕಟ್ಟಿದರು. ಕಾಸು ಸಣ್ಣದಿದ್ದರೆ ಅವಮಾನವಲ್ಲ, ಅದು ಚದುರಿಹೋದರೆ ಹಾನಿ ಎಂಬುದು ಆ ಹಿರಿಯರ ತಿಳುವಳಿಕೆಯಾಗಿತ್ತು.

ಮೊಬೈಲಿನ ಬಿಡಿಗಾಸಿಗೂ ಇದೇ ನ್ಯಾಯ. ದಿನಕ್ಕೆ ಐದು ರೂಪಾಯಿಯೆಂದರೂ ವರ್ಷಕ್ಕೆ 1,825 ರೂಪಾಯಿ. ಅದು ಹಾಗೆಯೇ ಆ್ಯಪಿನಲ್ಲಿ ಬಿದ್ದಿದ್ದರೆ ಮುಂದಿನ ಆಮಿಷಕ್ಕೆ ಕರಗಿಹೋಗುತ್ತದೆ. ತಿಂಗಳಿಗೊಮ್ಮೆ ಬೇರೆ ಖಾತೆಗೆ ಹಾಕಿದರೆ ಮಕ್ಕಳ ಪಠ್ಯಪುಸ್ತಕಗಳಿಗಾದರೂ ಆಗುತ್ತದೆ.

ಬಸ್ಸು ಜುಬಿಲಿ ಸರ್ಕಲ್ ಮುಟ್ಟಿತು. ಹಿರಿಯ ಗೃಹಿಣಿ ಮೊಬೈಲನ್ನು ಕೈಚೀಲದಲ್ಲಿ ಇಟ್ಟು ಎದ್ದರು.

"ಸಾಬೂನಿನ ಲೆಕ್ಕ ಮುಗೀತೇನ್ರಿ ಅಕ್ಕಾರ?" ಎಂದರು ಕಿರಿಯರು.

"ಇಲ್ಲವ್ವಾ, ಅರ್ಧಕ್ಕ ಬಿಟ್ಟೆ. ಕಡೀಕ ನಿಮ್ಮ ಮನ್ಯಾಗ ಬಂಗಾರ ಎಷ್ಟೈತಿ ಅಂತ ಕೇಳಿತು. ನಾಕ ರೂಪಾಯಿಗೆ ಅದನ್ಯಾಕ ಹೇಳಲಿ?"

ಬಾಗಿಲು ತೆರೆಯಿತು. ಇಬ್ಬರೂ ನಗುತ್ತ ಇಳಿದು ಸಂಜೆಯ ಜನಸಂದಣಿಯಲ್ಲಿ ಸೇರಿಹೋದರು.